ರೈಲ್ವೆ ಟೋಪಿಯ ದೇವರು

ಲಿಬುಶ್, ಪ್ರಾಗ್
ಮಾರ್ಚ್ ೨೪, ಭಾನುವಾರ

ನನ್ನ ಮುದ್ದಿನ ಯೆನ್ಕಾ,

ಹೇಗಿದ್ದೀಯೇ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಅಲ್ಲಿ ವಿಯೆಟ್ನಾಮಿನಲ್ಲಿ ದಿನವಿಡೀ ತುಂತುರು ಹಿಡಿದು ಬಟ್ಟೆಯೇ ಒಣಗುತ್ತಿಲ್ಲ ಎಂದು ನಿನ್ನಮ್ಮ ಹೇಳಿದಳು. ಹಸಿ ಕಾಲುಚೀಲ ಹಾಕಿಕೊಂಡು ತಿರುಗಬೇಡ, ಇಲ್ಲಿದ್ದಾಗಲೂ ನಿನ್ನದು ಅದೇ ಚಾಳಿ. ಅಲ್ಲಿಯ ಅಜ್ಜಿಯ ಕಾಲಿನ ಮೂಳೆ ಕೂಡಿಕೊಂಡಿತಂತೆ, ಕೋಲು ಹಿಡಿದು ಅಂಗಳದವರೆಗೆ ಬರುತ್ತಾರಂತೆ. ಕೇಳಿ ಸಮಾಧಾನವಾಯಿತು. ನಾನು ಚೆನ್ನಾಗಿದ್ದೇನೆ. ನನ್ನ ಬೀಪಿ ಡಾಕ್ಟರರ ಮುಖ ಕಂಡರೆ ಮಾತ್ರ ಏರುತ್ತದೆ. ಮಂಡಿ ಕಿರಿಕಿರಿ ಮಾಡುತ್ತದೆ, ಆದರೆ ನಿನ್ನೆ ನಿಮ್ಮ ವಿಯೆಟ್ನಾಮಿ ಜನರ ಸಾಪಾ ಬಜಾರು ಇಡೀ ಸುತ್ತಿದರೂ ನನ್ನನ್ನು ಮನೆಗೆ ತಂದು ಮುಟ್ಟಿಸಿತು, ಅದಕ್ಕೆ ಬೈಯುವಂತಿಲ್ಲ. ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡಲು ನನಗೆ ಬರುವುದಿಲ್ಲ ಎಂದು ನಿನಗೆ ಗೊತ್ತೇ ಇದೆ. ಮೂಲೆಯಲ್ಲಿ ನನ್ನದೇ ಮುಖ ಕಂಡು ಹೇಳಬೇಕಾದ್ದೆಲ್ಲ ಮರೆತುಹೋಗುತ್ತದೆ. ಬಟ್ಟೆ ಅಂಗಡಿಯ ಬಿಕ್ ಮಂಗಳವಾರ ಊರಿಗೆ ಹೊರಟಿದ್ದಾಳೆ, ಈ ಕಾಗದವನ್ನು ಅವಳ ಕೈಯಲ್ಲಿ ಕೊಡುತ್ತೇನೆ.

ಮೊದಲು ಜಗಳ ಮುಗಿಸಿಬಿಡೋಣ. ನೀನು ಅಲ್ಲೇ ನಿಂತುಬಿಡುವ ಯೋಚನೆಯಲ್ಲಿದ್ದೀಯ ಎಂದು ಅಮ್ಮನಿಗೆ ಹೇಳಿದೆ, ಅಪ್ಪನಿಗೆ ಹೇಳಿದೆ, ನನಗೆ ಮಾತ್ರ ಹೇಳಲಿಲ್ಲ. ನಾನು ಒಂದು ವಾರ ಮುಖ ಊದಿಸಿಕೊಂಡು ಓಡಾಡಿದೆ. ನಿನ್ನ ಕಷ್ಟ ನನಗೆ ಅರ್ಥವಾಗುವುದಿಲ್ಲ ಅಂದುಕೊಂಡೆಯಾ? ಅವರೊಬ್ಬರನ್ನೇ ಬಿಟ್ಟು ಬರಲು ನಿನಗೆ ಮನಸ್ಸಾಗುವುದಿಲ್ಲ. ಇಲ್ಲಿಗೆ ಕರೆದರೆ ಅವರು ಒಪ್ಪುವುದಿಲ್ಲ. ನಿಮ್ಮ ಮನೆಯೋ ಲಿಫ್ಟ್ ಇಲ್ಲದ ನಾಲ್ಕನೆಯ ಮಹಡಿ, ಆ ಕಾಲಿಟ್ಟುಕೊಂಡು ಹತ್ತುವುದು ಹೇಗೆ? ಮೇಲಾಗಿ ತಾನು ಹೊರಟುಬಂದರೆ ತೀರಿಹೋದ ಗಂಡನಿಗೆ ಎಡೆ ಇಡುವವರು ಯಾರು, ಅವರು ಹಸಿದಿರಬೇಕೇ ಎಂಬ ಚಿಂತೆ ಅವರಿಗೆ. ಎಲ್ಲ ಸರಿ. ಆದರೆ ನಿನ್ನ ಓದು ಇನ್ನೊಂದು ವರ್ಷ ಇದೆ, ನಿನ್ನ ಗೆಳೆಯರೆಲ್ಲ ಇಲ್ಲಿದ್ದಾರೆ, ಊಟ ತೋರಿಸುತ್ತ ಜನರನ್ನು ಬಜಾರು ಸುತ್ತಿಸುವ ನಿನ್ನ ಆ ಕೆಲಸ ಈಗಷ್ಟೇ ಕೈಹಿಡಿದಿದೆ. ಇನ್ನು ನನ್ನ ವಿಷಯ. ನೀನಿಲ್ಲದೆ ನನಗೆ ಮನೆ ಬಿಕೋ ಅನ್ನುತ್ತದೆ ಕಣೇ. ಸುತ್ತಿ ಬಳಸಿ ಹೇಳುವ ಹೆಂಗಸು ನಾನಲ್ಲ, ಹೇಳಿಯಾಯಿತು.

ಈಗ ನಿನ್ನೆಯ ಕಥೆ ಕೇಳು. ಪಾರ್ದುಬಿತ್ಸೆ ಊರಿನ ಗ್ರಂಥಾಲಯದ ಹೆಂಗಸರಿಗೆ ನೀನು ಹೊಸವರ್ಷದ ಹಬ್ಬಕ್ಕೆ ಮುಂಚೆಯೇ ಮಾತು ಕೊಟ್ಟಿದ್ದೆಯಲ್ಲ, ಅವರು ಬಂದರು. ಬೇಡ ಅಂದುಬಿಡೋಣ ಅಂದವಳು ನಿನ್ನಮ್ಮ ಹಾನ್. ನನ್ನ ಹುಡುಗಿ ಕೊಟ್ಟ ಮಾತು ಬಿದ್ದುಹೋಗಬಾರದು ಎಂದು ನಾನೇ ಗೇಟಿನ ಹತ್ತಿರ ಹೋಗಿ ನಿಂತೆ. ಚಕ್ರದ ಕೈಚೀಲ ಎಳೆದುಕೊಂಡು ನಿಂತ ಈ ದಪ್ಪ ಮುದುಕಿಯನ್ನು ನೋಡಿ ಅವರ ಮುಖ ಇಷ್ಟು ಚಿಕ್ಕದಾಯಿತು. "ವಿಯೆಟ್ನಾಮಿ ಹುಡುಗಿ ಬರ್ತಾಳೆ ಅಂದಿದ್ರಲ್ಲ?" ಎಂದರು ಅವರ ಮುಂದಾಳು ಮಾಲೀನೊವಾ. "ಹುಡುಗಿ ವಿಯೆಟ್ನಾಮಿಗೇ ಹೋಗಿದಾಳೆ. ಆ ಹುಡುಗೀನ ಬೆಳೆಸಿದೋಳು ಬಂದಿದೀನಿ. ಕಾಲಲ್ಲಿ ಶಕ್ತಿ ಇದ್ರೆ ಬನ್ನಿ" ಎಂದು ನಾನು ಮುಂದೆ ನಡೆದೇಬಿಟ್ಟೆ. ಬೇರೆ ದಾರಿಯಿಲ್ಲದೆ ಹಿಂದೆ ಬಂದರು.

ಬಜಾರಿನ ಒಳಗೆ ಕಾಲಿಟ್ಟದ್ದೇ ತಡ, ಅಂಗಡಿ ಅಂಗಡಿಯಿಂದಲೂ ಕೂಗು, "ವಿದೇಶಿ ಅಜ್ಜಿ ಬಂದ್ರು, ವಿದೇಶಿ ಅಜ್ಜಿ ಬಂದ್ರು!" ಹುಟ್ಟಿದ್ದು ಇಲ್ಲಿಂದ ಎರಡು ಟ್ರಾಮ್ ಬದಲಿಸಿದರೆ ಸಿಗುವ ಬೀದಿಯಲ್ಲಿ, ಆ ಗೇಟು ದಾಟಿದರೆ ಮಾತ್ರ ನಾನೇ ವಿದೇಶಿ. ನಾನು ಅವರಿಗೆ ಸೊಪ್ಪಿನವಳ ಬುಟ್ಟಿ ತೋರಿಸಿದೆ, ಪುದೀನದ ಹಾಗೆ ಕಂಡರೂ ಮೀನಿನ ವಾಸನೆ ಬರುವ ಆ ಎಲೆಯನ್ನು ಜಗಿಸಿದೆ. ಗೆಂಡೆ ಮೀನಿನ ತೊಟ್ಟಿಯ ಮುಂದೆ ನಿಲ್ಲಿಸಿ, ನಾವು ಕ್ರಿಸ್‌ಮಸ್ಸಿಗೆ ಮಾತ್ರ ನೆನೆಸಿಕೊಳ್ಳುವ ಮೀನನ್ನು ಇವರು ವರ್ಷವಿಡೀ ಗೌರವಿಸುತ್ತಾರೆ ಎಂದೆ. ಮೀನಿನ ರಸದ ಬಾಟಲಿ ಬಿಚ್ಚಿದಾಗ ಒಬ್ಬಾಕೆ ಮೂಗು ಮುಚ್ಚಿಕೊಂಡಳು. ನನಗೆ ರೇಗಿಹೋಯಿತು. "ನಮ್ಮ ಮೊರಾವಿಯಾದ ನಾರೋ ಚೀಸನ್ನ ಬ್ರೆಡ್ಡಿಗೆ ಮೆತ್ಕೊಂಡು ಚಪ್ಪರಿಸ್ತೀರಿ, ಇದಕ್ಕೆ ಮೂಗು ಮುಚ್ಕೋತೀರಾ?" ಅಂದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು, ಆಮೇಲೆ ಒಂದು ಬಾಟಲಿ ಕೊಂಡಳು ಕೂಡ. ನೀನು ಇದ್ದಿದ್ದರೆ ನಯವಾಗಿ ಮಾತಾಡುತ್ತಿದ್ದೆ. ಬಂದವರ ಮೇಲೆ ಗದರಿದರೆ ಅವರು ಇನ್ನೂ ಚೆನ್ನಾಗಿ ತಿನ್ನುತ್ತಾರೆ ಎಂಬುದು ನನ್ನ ಅನುಭವ, ನಿನ್ನನ್ನು ಸಾಕಿದ್ದೂ ಹಾಗೆಯೇ.

ನಡೆಯುತ್ತಾ ಮಾಲೀನೊವಾ ನನ್ನ ಪಕ್ಕಕ್ಕೆ ಬಂದು ಕೇಳಿದರು, "ಅಲ್ಲ, ನೀವು ಇವರಿಗೆ ಏನಾಗ್ಬೇಕು?" ಇಷ್ಟು ವರ್ಷದಲ್ಲಿ ಯಾರೂ ಹಾಗೆ ನೇರವಾಗಿ ಕೇಳಿರಲಿಲ್ಲ. ಇದ್ದದ್ದನ್ನು ಹೇಳಿದೆ. ನಿನ್ನಪ್ಪ ಅಮ್ಮ ಆಗ ಬೆಳಗಿನ ಕತ್ತಲಲ್ಲಿ ಬಜಾರಿಗೆ ಹೋದರೆ ರಾತ್ರಿಯ ಕತ್ತಲಲ್ಲಿ ಬರುತ್ತಿದ್ದರು, ಮಗುವನ್ನು ನೋಡಿಕೊಳ್ಳಲು ಒಬ್ಬ ಅಜ್ಜಿ ಬೇಕು ಎಂದು ಮೆಟ್ಟಿಲ ಬಳಿ ಚೀಟಿ ಅಂಟಿಸಿದ್ದರು. ನಮಗೆ ಮಕ್ಕಳಿರಲಿಲ್ಲ. "ಹೋಗಿ ನೋಡು, ಮನೇಲಿ ಕೂತು ನನ್ನ ತಲೆ ತಿನ್ನೋದಾದ್ರೂ ತಪ್ಪುತ್ತೆ" ಎಂದು ನನ್ನ ಗಂಡ ಓಟಕರನೇ ನನ್ನನ್ನು ಕಳಿಸಿದ. ನೀನು ಆಗ ಬ್ರೆಡ್ಡಿನಷ್ಟು ಉದ್ದ ಇದ್ದೆ. "ಸಂಬಳಕ್ಕೆ ಬಂದ ಅಜ್ಜಿ ನಾನು. ಆಮೇಲೆ ಸಂಬಳ ನಿಂತ್ರೂ ನಾನು ನಿಲ್ಲಲಿಲ್ಲ" ಎಂದೆ. ಮಾತೇನೋ ತಮಾಷೆಯಾಗಿ ಬಂತು. ಆದರೆ ಸಾಕಿದ ಹುಡುಗಿ ದೊಡ್ಡವಳಾಗಿ ಅವಳ ನಿಜವಾದ ಅಜ್ಜಿಯ ಹತ್ತಿರ ಹೋಗಿ ಕೂತಿದ್ದಾಳೆ, ಇನ್ನು ನಾನು ಇವರಿಗೆ ಏನಾಗಬೇಕು ಎಂದು ನನಗೂ ಅನ್ನಿಸಿತು.

ಕೊನೆಗೆ ನಿಮ್ಮ ಬಿಸ್ಟ್ರೋ ಹೋಟೆಲಿಗೇ ಕರೆತಂದೆ. ನಿನ್ನಪ್ಪ ತ್ವಾನ್ ಎಲ್ಲರಿಗೂ ಫೋ ಬಡಿಸಿದ, ಆ ನೂಡಲ್ಸ್ ಸಾರಿನ ಆವಿಗೆ ಕನ್ನಡಕಗಳೆಲ್ಲ ಮಂಜಾದವು. ಸೊರ್ ಸೊರ್ ಅಂತ ಸದ್ದು ಮಾಡದೆ ತಿಂದರೆ ಅಡುಗೆಯವನಿಗೆ ಅವಮಾನ ಎಂದು ನಾನು ಸುಳ್ಳು ಹೇಳಿದ್ದರಿಂದ ಇಡೀ ಗ್ರಂಥಾಲಯ ಸದ್ದು ಮಾಡಿಕೊಂಡು ತಿನ್ನುತ್ತಿತ್ತು. ಆಗ ಅವರ ವ್ಯಾನಿನ ಡ್ರೈವರ್ ರಾದಿಮ್, ಕಿವಿಗೆ ಓಲೆ ಹಾಕಿದ ಹುಡುಗ, ಕೈ ತೊಳೆಯಲು ಹೋಗಿ ತಪ್ಪು ಬಾಗಿಲು ತೆರೆದಿದ್ದಾನೆ. ನಿನ್ನಪ್ಪ ಯಾರನ್ನೂ ಒಳಗೆ ಬಿಡದ ಆ ಸಾಮಾನಿನ ಕೋಣೆ. ವಾಪಸು ಬಂದವನು ನನ್ನನ್ನು ಕೇಳಿದ, "ಅಜ್ಜಿ, ಒಳಗೆ ನೂಡಲ್ಸ್ ಡಬ್ಬಗಳ ಮೇಲೆ ಒಬ್ಬ ದೇವರಿದಾನಲ್ಲ, ರೈಲ್ವೆ ಟೋಪಿ ಹಾಕ್ಕೊಂಡು! ಇವರಲ್ಲಿ ರೈಲಿಗೂ ದೇವರಿದಾನಾ?"

ನಿನ್ನಪ್ಪನ ಕೈಯ ಸೌಟು ಹಾಗೇ ನಿಂತಿತು. "ಅಜ್ಜಿ, ಬೇಡ, ಅಲ್ಲಿ ಧೂಳು" ಎಂದು ನಿನ್ನಮ್ಮ ಅಡ್ಡ ಬಂದಳು. ನನ್ನನ್ನು ತಡೆಯುವವರುಂಟೇ? ಒಳಗೆ ಹೋದೆ. ಗೋಡೆಗೆ ಹೊಡೆದ ಒಂದು ಚಿಕ್ಕ ಹಲಗೆ. ಹಲಗೆಯ ಮೇಲೆ ನನ್ನ ಓಟಕರ್! ರೈಲ್ವೆ ಕೆಲಸದ ಟೋಪಿ ಹಾಕಿಕೊಂಡು ಕೊಲೀನ್ ಸ್ಟೇಷನ್ನಿನ ಮುಂದೆ ತೆಗೆಸಿಕೊಂಡ ಫೋಟೋ, ನೀನು ಅವನ ಹೆಗಲ ಮೇಲಿದ್ದೆಯಲ್ಲ, ಅದೇ. ಅವನ ಮುಖವಷ್ಟನ್ನೇ ಕತ್ತರಿಸಿ ಕಟ್ಟು ಹಾಕಿಸಿದ್ದಾರೆ, ಆದರೆ ಅವನ ಎರಡೂ ಕಿವಿ ಹಿಡಿದಿರುವ ನಿನ್ನ ಪುಟ್ಟ ಕೈಗಳು ಹಾಗೇ ಉಳಿದಿವೆ. ಆಲ್ಬಮ್ಮಿನಿಂದ ಆ ಫೋಟೋ ಕಾಣೆಯಾದಾಗ ನನ್ನ ತಂಗಿ ಯಾರ್ಮಿಲಾ ಕದ್ದಳು ಎಂದು ಅವಳ ಜೊತೆ ಒಂದು ಕ್ರಿಸ್‌ಮಸ್ ಪೂರ್ತಿ ಮಾತು ಬಿಟ್ಟಿದ್ದೆ. ಕಳ್ಳಿ ನೀನು! ಫೋಟೋದ ಮುಂದೆ ಊದುಬತ್ತಿ, ಒಂದು ಕಿತ್ತಳೆ, ಒಂದು ಗ್ಲಾಸು ಬಿಯರು, ಒಂದು ತಟ್ಟೆಯಲ್ಲಿ ಸ್ವೀಚ್ಕೋವಾ. ಕೆನೆ ಸಾರು, ಮಾಂಸದ ಹೋಳು, ಕೆಂಪು ಹಣ್ಣಿನ ಗೊಜ್ಜು, ಪಕ್ಕದಲ್ಲಿ ಬೇಯಿಸಿದ ಹಿಟ್ಟಿನ ಕಡುಬು. ಕಡುಬನ್ನು ಚಾಕುವಿನಿಂದಲ್ಲ, ನಾನು ಹೇಳಿಕೊಟ್ಟ ಹಾಗೆ ದಾರದಿಂದಲೇ ಕೊಯ್ದಿದ್ದಳು.

"ಇದೇನೇ ಹಾನ್?" ಎಂದೆ. ನಿನ್ನಮ್ಮ ಏಪ್ರನ್ ಹಿಂಡುತ್ತಾ ನಿಂತಳು. "ಅವರು ಯೆನ್‌ಗೆ ತಾತ ಅಲ್ವಾ ಅಜ್ಜಿ. ತಾತನ ಊಟ ತಪ್ಪಿಸೋಕಾಗುತ್ತಾ? ನಿಮ್ಮಲ್ಲಿ ಸಮಾಧಿ ಹತ್ರ ಮೇಣದಬತ್ತಿ ಹಚ್ತಾರೆ, ಊಟ ಇಡೋದಿಲ್ಲ. ನೀವು ಬೈತೀರ ಅಂತ ಹೆದರಿ ಹೇಳ್ಲಿಲ್ಲ" ಎಂದಳು. ಇವತ್ತೇ ಅವರು ತೀರಿಕೊಂಡ ದಿನ ಎಂದಳು. ನನಗೆ ಸಿಟ್ಟು ಬಂತು, "ಅವನು ಹೋಗಿದ್ದು ಇಪ್ಪತ್ತೊಂಬತ್ತಕ್ಕೆ. ಹೆಂಡತಿ ನಾನು, ನಂಗೊತ್ತಿಲ್ವಾ?" ಎಂದೆ. ಆಮೇಲೆ ತಿಳಿಯಿತು, ನಿಮ್ಮವರ ತಿಥಿ ಚಂದ್ರನ ಲೆಕ್ಕ. ನಮ್ಮ ಕ್ಯಾಲೆಂಡರಿನಲ್ಲಿ ಅದು ಪ್ರತಿವರ್ಷ ಜಾಗ ಬದಲಿಸುತ್ತದೆ. ಯೆನ್ಕಾ, ಆಗ ನನಗೆ ಎಲ್ಲ ಹೊಳೆಯಿತು. ವರ್ಷಕ್ಕೊಮ್ಮೆ ಹಾನ್ ನನ್ನನ್ನು ರಾತ್ರಿ ಊಟಕ್ಕೆ ಕರೆದು ಸ್ವೀಚ್ಕೋವಾ ಬಡಿಸುತ್ತಿದ್ದಳಲ್ಲ, ಒಂದು ವರ್ಷ ಮಾರ್ಚ್ ಮೊದಲಲ್ಲಿ, ಇನ್ನೊಂದು ವರ್ಷ ಏಪ್ರಿಲ್‌ನಲ್ಲಿ. ಪಾಪ, ನಮ್ಮ ಅಡುಗೆ ಕಲಿಯಲು ಒದ್ದಾಡುತ್ತಿದ್ದಾಳೆ ಅಂದುಕೊಂಡಿದ್ದೆ. ಸಾರು ಹುಳಿ, ಕಡುಬು ಕಲ್ಲು ಎಂದು ಒಂದೊಂದು ವರ್ಷವೂ ಹೆಸರಿಡುತ್ತಿದ್ದೆ. ನನ್ನ ಗಂಡನ ತಿಥಿಯ ಊಟಕ್ಕೆ ಕೂತು ನಾನೇ ಕೊಂಕು ತೆಗೆದಿದ್ದೇನೆ, ಆ ಹುಡುಗಿ ತುಟಿ ಬಿಚ್ಚದೆ ಮರುವರ್ಷ ಮತ್ತೆ ಮಾಡಿದ್ದಾಳೆ.

ಅವನ ಊದುಬತ್ತಿ ಬಟ್ಟಲಿನಲ್ಲಿ ಬೂದಿಯ ಬದಲು ಮಣ್ಣಿತ್ತು. ಯಾಕೆ ಎಂದು ಕೇಳಿದೆ. ಮನೆ ಬದಲಿಸುವವರು ಹಳೆಯ ಬಟ್ಟಲಿನಿಂದ ಒಂದು ಹಿಡಿ ಬೂದಿ ತಂದು ಹೊಸ ಬಟ್ಟಲಿಗೆ ಹಾಕುತ್ತಾರಂತೆ, ಸತ್ತವರು ಅದರ ಹಿಂದೆಯೇ ಹೊಸ ಮನೆಗೆ ಬರುತ್ತಾರಂತೆ. ಓಟಕರನಿಗೆ ಹಳೆಯ ಬಟ್ಟಲೇ ಇರಲಿಲ್ಲವಲ್ಲ, ಅದಕ್ಕೆ ನಿನ್ನಪ್ಪ ಸ್ಮಶಾನಕ್ಕೆ ಹೋಗಿ ಅವನ ಸಮಾಧಿಯ ಮಣ್ಣು ತಂದಿದ್ದನಂತೆ. ನಾನು ನೂಡಲ್ಸ್ ಡಬ್ಬದ ಮೇಲೆ ಕೂತು ಅತ್ತೆ. ಬಿಕ್ಕಿ ಬಿಕ್ಕಿ ಅತ್ತೆ, ನಾಚಿಕೆ ಏನು? ಹಾನ್ ಹೆದರಿ ತಾನೂ ಅಳತೊಡಗಿದಳು. ಅವಳನ್ನು ಸಮಾಧಾನ ಮಾಡಲು ನಾನು ಜೋರು ಮಾಡಬೇಕಾಯಿತು. "ಬೈತೀನಿ ಅಂತ ಹೆದರಿದ್ರಾ? ಬೈತೀನಿ ಮತ್ತೆ! ಬಿಯರಿಗೆ ನೊರೆ ಎಲ್ಲಿ? ನೊರೆ ಇಲ್ದಿರೋ ಬಿಯರು ನನ್ನ ಗಂಡ ಮುಟ್ಟೋನೇ ಅಲ್ಲ!" ನಿನ್ನಪ್ಪ ಓಡಿಹೋಗಿ ಹೊಸ ಗ್ಲಾಸು ತುಂಬಿ ತಂದ, ಮೂರು ಬೆರಳು ನೊರೆ ನಿಂತಿತ್ತು. ಮೊದಲ ಸಲ ನಾನೇ ನನ್ನ ಕೈಯಾರೆ ಓಟಕರನ ಮುಂದೆ ಇಟ್ಟೆ, ಊದುಬತ್ತಿಯನ್ನೂ ಹಚ್ಚಿದೆ.

ಹೊರಗೆ ಬಂದಾಗ ಆ ಹೆಂಗಸರು ಚಮಚ ಕೆಳಗಿಟ್ಟು ಬಾಗಿಲನ್ನೇ ನೋಡುತ್ತಿದ್ದರು. ರಾದಿಮ್ ತಾನೇನೋ ಅನಾಹುತ ಮಾಡಿದೆ ಎಂದು ಬೆವರುತ್ತಿದ್ದ, ಅವನ ಕೆನ್ನೆ ಹಿಂಡಿ ಇನ್ನೊಂದು ಬಟ್ಟಲು ಫೋ ಹಾಕಿಸಿದೆ. "ಆಗ ಕೇಳಿದ್ರಲ್ಲ, ಇವರಿಗೆ ಏನಾಗ್ಬೇಕು ಅಂತ. ಇವರು ನಮ್ಮೋರು ಕಣ್ರೀ" ಎಂದು ಮಾಲೀನೊವಾಗೆ ಹೇಳಿದೆ. ಆಕೆ ನನ್ನ ಕೈ ಹಿಡಿದುಕೊಂಡರು. ರಾತ್ರಿ ನಿಮ್ಮ ಮನೆಯಲ್ಲಿ ಎಡೆಯ ಸ್ವೀಚ್ಕೋವಾ ತಿಂದೆವು. ನಾಲ್ಕು ಮಹಡಿ ಹತ್ತುವಾಗ ಮೂರು ಕಡೆ ಕೂತೆ, ಆಗ ಅಲ್ಲಿಯ ಅಜ್ಜಿಯ ನೆನಪು ಬಂತು. ನನಗೇ ಇಷ್ಟು ಕಷ್ಟ, ಅವರಿಗೆ ಇನ್ನೆಷ್ಟು! ಕಡುಬು ಈ ಸಲವೂ ಸ್ವಲ್ಪ ಗಟ್ಟಿಯೇ ಇತ್ತು, ಆದರೆ ನಾನು ಬಾಯಿ ಬಿಡಲಿಲ್ಲ. ಎರಡು ಸಲ ಹಾಕಿಸಿಕೊಂಡು ತಿಂದೆ.

ಗ್ರಂಥಾಲಯದವರು ಮುಂದಿನ ಶರತ್ಕಾಲದಲ್ಲಿ ಇನ್ನೊಂದು ಗುಂಪು ಕಳಿಸುತ್ತಾರಂತೆ. "ಆ ಸಿಡುಕು ಅಜ್ಜಿಯೇ ಬೇಕು" ಎಂದರಂತೆ. ನೋಡಿದೆಯಾ, ನಿನ್ನ ಕೆಲಸಕ್ಕೂ ಕುತ್ತು ತಂದಿದ್ದೇನೆ. ಬಂದು ಉಳಿಸಿಕೊಳ್ಳಬೇಕೆಂದಿದ್ದರೆ ಉಳಿಸಿಕೋ.

ಅಲ್ಲಿಯ ಅಜ್ಜಿಗೆ ನನ್ನ ನಮಸ್ಕಾರ ಹೇಳು, ಸುಮ್ಮನೆ ಬಾಯಿಮಾತಿಗಲ್ಲ, ಅವರ ಕೈ ಹಿಡಿದು ಹೇಳು. ನಿನ್ನ ಹಣೆಗೆ ನನ್ನ ಮುತ್ತು. ಬೆಚ್ಚಗಿರು, ಚೆನ್ನಾಗಿರು.

ನಿನ್ನ ಇಲ್ಲಿಯ ಅಜ್ಜಿ,
ಬ್ಲಾಜೆನಾ

ಮತ್ತೆ ಬರೆದದ್ದು: ಬಿಕ್ ಬಾಗಿಲಲ್ಲಿ ನಿಂತು ಗಡಿಬಿಡಿ ಮಾಡುತ್ತಿದ್ದಾಳೆ, ಮುಖ್ಯವಾದದ್ದೇ ಉಳಿದುಹೋಗಿತ್ತು. ನನ್ನದು ನೆಲಮಹಡಿ ಮನೆ, ಒಂದು ಮೆಟ್ಟಿಲೂ ಇಲ್ಲ. ಓಟಕರನ ಕೋಣೆಯಿಂದ ಹೊಲಿಗೆ ಯಂತ್ರ ಈಚೆ ಹಾಕಿಸಿದ್ದೇನೆ, ಮಂಚಕ್ಕೆ ಹೊಸ ಹಾಸಿಗೆ ಬಂದಿದೆ. ವೀಸಾ ಕಾಗದಗಳನ್ನು ನಿನ್ನಮ್ಮ ನೋಡಿಕೊಳ್ಳುತ್ತಾಳೆ. ನಿನ್ನಪ್ಪ ಈಗ ಆ ಕೋಣೆಯ ಗೋಡೆಗೆ ಹಲಗೆ ಹೊಡೆಯುತ್ತಿದ್ದಾನೆ, ಎರಡು ಫೋಟೋ ಹಿಡಿಯುವಷ್ಟು ಅಗಲ. ಅಲ್ಲಿಯ ತಾತನ ಬಟ್ಟಲಿನ ಬೂದಿ ಒಂದು ಹಿಡಿ ಡಬ್ಬಿಗೆ ಹಾಕಿಕೊಂಡು ನಿನ್ನ ಜೊತೆ ಹೊರಟು ಬರಲಿ ಅಂತ ನಿನ್ನ ಅಜ್ಜಿಗೆ ಹೇಳು. ಭಾನುವಾರದ ಒಲೆ ನನ್ನದು, ಉಳಿದ ದಿನ ಅವರದು. ತಾತ ಬಿಯರು ಕುಡಿಯುತ್ತಿದ್ದರೋ ಇಲ್ಲವೋ ಕೇಳಿ ತಿಳಿಸು, ಓಟಕರನಿಗೆ ಒಬ್ಬನೇ ಕುಡಿದು ಅಭ್ಯಾಸವಿಲ್ಲ.