ಸಮದ ಬದಿಯ ಕಂದು ಕಾರು

ಹೆಲ್ಮರ್ ಬೇ, ಮಿನ್ನೆಸೋಟಾ
ಜನವರಿ ೧೯, ೧೯೯೭, ಭಾನುವಾರ

ಪ್ರೀತಿಯ ತಮ್ಮ ಉರ್ಹೊ,

ನಿನ್ನ ಮಂಡಿನೋವು ಈಗ ಹೇಗಿದೆ? ಅರಿಜೋನಾದ ಬಿಸಿಲಿಗೆ ಎಲ್ಲ ವಾಸಿಯಾಯಿತೆಂದು ಮಾರ್ಲಿಸ್ ಫೋನಿನಲ್ಲಿ ಹೇಳಿದಳು. ಆದರೆ ಗಂಡನ ವಿಷಯದಲ್ಲಿ ಅವಳು ಕೆಟ್ಟದ್ದನ್ನು ಬಾಯಲ್ಲಿ ಆಡುವವಳೇ ಅಲ್ಲವಲ್ಲ, ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ನನಗೆ ಎಂದಿನ ಕೆಮ್ಮು. ಕ್ರಿಸ್‌ಮಸ್ ಕಳೆದ ಮೇಲೆ ಇಲ್ಲಿ ಹಿಮ ಬಿಡುವು ಕೊಟ್ಟಿಲ್ಲ. ಕಿಟಕಿಯಾಚೆ ಸರೋವರ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ಹೊತ್ತೇ ಹೋಗುವುದಿಲ್ಲ ಎನ್ನುವ ಹಾಗೂ ಇಲ್ಲ, ಈ ವರ್ಷವೂ ನಗರಸಭೆಯವರು ನನ್ನನ್ನು ಬೀದಿ ಕೆಲಸಕ್ಕೇ ಹಾಕಿದ್ದಾರೆ.

ನಮ್ಮೂರಿನ ಹಿಮದ ತುರ್ತು ನಿಯಮ ನಿನಗೆ ಮರೆತಿರಲಾರದು. ರೇಡಿಯೋದಲ್ಲಿ ಸಾರಿದ ಮೊದಲ ದಿನ ಸಮಸಂಖ್ಯೆಯ ಮನೆಗಳ ಬದಿ ಖಾಲಿಯಿರಬೇಕು, ಮರುದಿನ ಬೆಸಸಂಖ್ಯೆಯ ಬದಿ. ಹಿಮ ತಳ್ಳುವ ಲಾರಿ ಬರುವ ಹೊತ್ತಿಗೆ ಅಲ್ಲಿ ಕಾರು ನಿಂತಿದ್ದರೆ ನಾನು ಗಾಜಿಗೆ ದಂಡದ ಚೀಟಿ ಸಿಕ್ಕಿಸುತ್ತೇನೆ, ಡ್ವೇನ್ ತನ್ನ ಲಾರಿಗೆ ಕಟ್ಟಿ ಎಳೆದೊಯ್ಯುತ್ತಾನೆ. ಇಷ್ಟು ಸಣ್ಣ ವಿಷಯ ಈ ಜನರ ತಲೆಗೆ ಹೋಗುವುದಿಲ್ಲ ನೋಡು. ಇವತ್ತು ತಾರೀಖು ಬೆಸ, ಹಾಗಾಗಿ ಬೆಸದ ಬದಿಯಿಂದ ತೆಗೆದು ಸಮದ ಬದಿಗೆ ಹಾಕಿದೆ ಎಂದು ನನ್ನೊಡನೆ ಜಗಳಕ್ಕೇ ಬರುತ್ತಾರೆ. ತಾರೀಖಲ್ಲಪ್ಪಾ, ಮನೆ ನಂಬರು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಪಾದ್ರಿಗಳೂ ಹೋದ ತಿಂಗಳು ಇದೇ ತಪ್ಪು ಮಾಡಿ, ಪ್ರಾರ್ಥನೆ ಮುಗಿಸಿ ಹೊರಬಂದಾಗ ಕಾರಿಲ್ಲದೆ ನಿಂತಿದ್ದರು.

ಇಡೀ ಊರಿನಲ್ಲಿ ನಿಯಮ ತಪ್ಪದೆ ನಡೆಯುತ್ತಿದ್ದುದು ಒಂದೇ ಕಾರು. ಲಾಂಡ್ರಿಯ ಹಿಂದಿನ ಬೀದಿಯಲ್ಲಿ ನಿಲ್ಲುವ ಹಳೆಯ ಕಂದು ಕಾರು. ಸಮದ ಬದಿ ಖಾಲಿಯಿರಬೇಕಾದ ದಿನ ಬೆಸದ ಬದಿ, ಬೆಸದ ದಿನ ಸಮದ ಬದಿ, ಒಂದು ದಿನವೂ ಎಡವಟ್ಟಿಲ್ಲ. ಯಾರದೆಂದು ನನಗೆ ಗೊತ್ತಿರಲಿಲ್ಲ. ನಿಯಮ ಗೊತ್ತಿಲ್ಲವೆಂದು ಕೂಗಾಡುವವರಿಗೆಲ್ಲ ಅದನ್ನೇ ತೋರಿಸಿ, ನೋಡಿ ಕಲಿಯಿರಿ ಎನ್ನುತ್ತಿದ್ದೆ. ಡ್ವೇನ್‌ಗಂತೂ ಅದೊಂದು ತಮಾಷೆಯಾಗಿಬಿಟ್ಟಿತ್ತು. "ಲೆಂಪಕ್ಕ, ಗಂಡ ಸತ್ತು ಇಷ್ಟು ವರ್ಷ ಆಯ್ತು, ಆ ಕಾರಿನವನನ್ನೇ ಹುಡುಕಿ ಮದ್ವೆ ಆಗ್ಬಿಡಿ" ಎಂದು ರೇಗಿಸುತ್ತಿದ್ದ. ನಾನೂ ನಗುತ್ತಿದ್ದೆ, ದೇವರು ನನ್ನನ್ನು ಕ್ಷಮಿಸಲಿ.

ಮೊನ್ನೆ ಗುರುವಾರ ಸಮದ ದಿನ. ಬೆಳಿಗ್ಗೆ ಹೋಗಿ ನೋಡಿದರೆ ಕಂದು ಕಾರು ಸಮದ ಬದಿಯಲ್ಲೇ, ಬಾಗಿಲ ಅರ್ಧದವರೆಗೆ ಹಿಮದಲ್ಲಿ ಹೂತು ನಿಂತಿದೆ. ನನಗೆ ಮನಸ್ಸಿಗೆ ಪಿಚ್ಚೆನಿಸಿತು. ಡ್ವೇನ್ ಸರಪಳಿ ಬಿಗಿಯತೊಡಗಿದ. ಚೀಟಿ ಸಿಕ್ಕಿಸಲೆಂದು ಗಾಜಿನ ಹಿಮ ಒರೆಸಿದೆ. ಎಷ್ಟು ಒರೆಸಿದರೂ ಗಾಜು ಬೆಳ್ಳಗೇ ಇತ್ತು. ಹಿಮ ಒಳಗಿನಿಂದಲೂ ಕಟ್ಟಿತ್ತು, ಉರ್ಹೊ. ಯಾರದೋ ಉಸಿರು ಗಾಜಿಗೆ ತಾಗಿ ಹಾಗೇ ಹೆಪ್ಪುಗಟ್ಟಿತ್ತು. ನಿಲ್ಲಿಸೆಂದು ಕಿರುಚಿದೆ. ಡ್ವೇನ್ ಸಬ್ಬಲಿನಿಂದ ಬಾಗಿಲು ಮೀಟಿ ತೆಗೆದ. ಹಿಂದಿನ ಸೀಟಿನಲ್ಲಿ ಕಂಬಳಿಗಳ ರಾಶಿಯೊಳಗೆ ಜ್ವರದಿಂದ ಸುಡುತ್ತಾ ಮಲಗಿದ್ದವನು ನಮ್ಮ ಓನ್ನಿ, ನಿನ್ನಣ್ಣ.

ಅವನಿಗೆ ನನ್ನ ಗುರುತು ಸಿಗಲಿಲ್ಲ. ನನ್ನ ಕೆಲಸದ ಕಿತ್ತಳೆ ಬಣ್ಣದ ಅಂಗಿ ಮಾತ್ರ ಕಂಡಿತೆಂದು ಕಾಣುತ್ತದೆ. "ಇವತ್ತು ಸಮದ ಬದಿ ಅಂತ ಗೊತ್ತು ಮೇಡಂ, ಒಂದ್ನಿಮಿಷ, ಈಗ ತೆಗೀತೀನಿ, ಚೀಟಿ ಹಾಕ್ಬೇಡಿ" ಎಂದ. ಒಡಹುಟ್ಟಿದ ಅಕ್ಕನಿಗೆ ಮೇಡಂ ಎಂದ.

ಅವನು ಬಾಡಿಗೆಗಿದ್ದ ಮನೆಯನ್ನು ಶರತ್ಕಾಲದಲ್ಲೇ ಕೆಡವಿದರಂತೆ. ನನಗೆ ಹೇಳಿದ್ದು ಪಕ್ಕದೂರಿನಲ್ಲಿ ಗೆಳೆಯನ ಮಹಡಿಯ ಮೇಲಿದ್ದೇನೆ ಎಂದು. ಪ್ರತಿ ಶನಿವಾರ ತಪ್ಪದೆ ನಮ್ಮ ಸೌನಾದ ಹಬೆಕೋಣೆಗೆ ಬರುತ್ತಿದ್ದ, ಬಸ್ಸಿನಲ್ಲಿ ಬಂದೆ ಎನ್ನುತ್ತಿದ್ದ. ಮೈ ಬಿಸಿಯಾಗುವವರೆಗೆ ಬೆವರಿ, ಸ್ನಾನ ಮಾಡಿ, ಕಾಫಿ ಕುಡಿದು, ಏಲಕ್ಕಿ ಬ್ರೆಡ್ಡನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದ. ಅಪ್ಪನ ಕಾಲದ ಅಭ್ಯಾಸ ಬಿಟ್ಟಿಲ್ಲವಲ್ಲ ಎಂದು ನಾನು ಸಂತೋಷಪಡುತ್ತಿದ್ದೆ. ಆಸ್ಪತ್ರೆಯಲ್ಲಿ ಎಡಗಾಲಿನ ಬೆರಳುಗಳನ್ನು ತೆಗೆದರು. ಎಚ್ಚರವಾದ ಮೇಲೆ, ನನ್ನ ಮನೆ ಇರಲಿಲ್ಲವೇನೋ ಪಾಪಿ ಎಂದು ಬೈದೆ, ಅತ್ತುಬಿಟ್ಟೆ. ಅವನು ಗೋಡೆಯ ಕಡೆ ತಿರುಗಿದ. "ನಿನ್ ಮನೆಗೆ ಬಂದಿದ್ರೆ ಉರ್ಹೊ ಅಂದಿದ್ದು ನಿಜ ಆಗ್ತಿತ್ತಲ್ಲಕ್ಕ" ಎಂದ.

ಅಮ್ಮನನ್ನು ಮಣ್ಣು ಮಾಡಿ ಬಂದ ದಿನ, ನೆಂಟರೆಲ್ಲ ಕೂತಿದ್ದಾಗ, ನೀನು ಅವನಿಗೆ ಅಂದಿದ್ದೆಯಲ್ಲ, "ಮೊದ್ಲು ನಿನ್ ತಲೆ ಮೇಲೊಂದು ಸೂರು ನೋಡ್ಕೋ, ಆಮೇಲೆ ನಂಗೆ ಬುದ್ಧಿ ಹೇಳು" ಎಂದು, ಆ ಮಾತು. ಅಲ್ಲಿಂದೀಚೆಗೆ ನೀವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಬೈಯಲೆಂದು ಇದನ್ನು ಬರೆಯುತ್ತಿಲ್ಲ. ಸಿಟ್ಟು ಇದೆ, ಇಲ್ಲವೆನ್ನುವುದಿಲ್ಲ, ಆದರೆ ಯಾರ ಮೇಲೆ ಹಾಕಲಿ ಎಂದೇ ತೋಚುತ್ತಿಲ್ಲ.

ಆಸ್ಪತ್ರೆಗೆ ಹೊರಡುವ ಮೊದಲು ಇದನ್ನು ಮುಗಿಸಬೇಕು. ಮಾರ್ಲಿಸ್‌ಗೆ ನನ್ನ ನೆನಪು ಹೇಳು. ಬಿಸಿಲಿದೆಯೆಂದು ಬರಿತಲೆಯಲ್ಲಿ ಓಡಾಡಬೇಡ. ಇಬ್ಬರನ್ನೂ ದೇವರು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಲೆಂಪಿ

ಮರೆತಿದ್ದು: ಮರೆತದ್ದೇನಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅವನ ಎದೆಯ ಎಕ್ಸ್‌ರೇ ನೋಡಿ ಡಾಕ್ಟರು ನನ್ನನ್ನು ಹೊರಗೆ ಕರೆದು ಮಾತಾಡಿದರು. ಹೆಚ್ಚು ದಿನ ಇಲ್ಲ, ಉರ್ಹೊ. ಕಾರಿನ ವಿಷಯ ನಿನಗೆ ಹೇಳಕೂಡದೆಂದು ಓನ್ನಿ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾನೆ. ನಾನು ಆಣೆ ಮುರಿದೆ. ಈ ಕಾಗದ ಕೈಗೆ ಬಂದ ಕೂಡಲೇ ಆಸ್ಪತ್ರೆಗೆ ಫೋನ್ ಮಾಡು. ಈಗ ಮನೆ ಎಲ್ಲಿ ಮಾಡಿದ್ದೀಯಾ ಅಣ್ಣ ಎಂದು ಕೇಳು. ಎರಡು ಕೋಣೆಯ ಮನೆ, ಒಳ್ಳೆಯ ಒಲೆ ಇದೆ, ಬೆಚ್ಚಗಿದೆ ಎನ್ನುತ್ತಾನೆ. ನೀನು ಹೂಂ ಅನ್ನು.