ಮೆಕ್ಕೆಜೋಳದ ಚೀಲಗಳಿದ್ದ ಭವನ

ನನ್ನ ಮೇಷ್ಟ್ರಿಗೆ,

ಎಂಟನೇ ಕ್ಲಾಸಿನಲ್ಲಿ ನಮ್ಮನ್ನು ಖಾಲಿ ಕೋಣೆಗೆ ಕರೆದೊಯ್ದು ಒಂದೇ ಒಂದು ಚಪ್ಪಾಳೆ ತಟ್ಟಿದ್ದು ನೆನಪಿದೆಯೇ? "ಕೈ ನಿಂತ್ರೂ ಸದ್ದು ನಿಂತಿಲ್ಲ, ಕೇಳ್ರೋ. ಅದು ಅಡಗಾಕೆ ಎಷ್ಟೊತ್ತು ಬೇಕು ಅಂತ ಅಳಿಯಾಕೆ ಬರ್ತೈತೆ" ಎಂದಿರಿ. ಲೆಕ್ಕದಲ್ಲಿ ದಡ್ಡನಾದ ನಾನು ಜಗಳೂರಿನಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದು ಆ ಚಪ್ಪಾಳೆಯಿಂದಲೇ.

ನಿಮ್ಮ ಬೀಳ್ಕೊಡುಗೆಗೆ ನನ್ನದೇ ಮೈಕ್ ಆಗಬೇಕೆಂದು ಹಟ ಹಿಡಿದೆ. ವಾರ ಮೊದಲೇ ಸಮುದಾಯ ಭವನಕ್ಕೆ ಹೋಗಿ ಬಲೂನು ಒಡೆದು, ಸದ್ದು ಅಡಗುವವರೆಗಿನ ಹೊತ್ತನ್ನು ಮೊಬೈಲಿನಲ್ಲಿ ಅಳೆದೆ. ಫ್ಯಾನ್ ತಿರುಗಿದರೆ ಒಂದು ಲೆಕ್ಕ, ನಿಂತರೆ ಇನ್ನೊಂದು, ಮೂಲೆಗೆ ಹೋದರೆ ಮತ್ತೊಂದು. ತಲೆಕೆಟ್ಟು ನಿಮಗೆ ಫೋನ್ ಮಾಡಿದೆ.

"ಫ್ಯಾನ್ ನಿಲ್ಸಿ ಮೂರು ಜಾಗದಾಗೆ ಅಳಿ. ಒಳಗೆ ಏನೇನೈತೆ?"

"ಏನಿಲ್ಲ ಸಾರ್, ಖಾಲಿ."

ಖಾಲಿಯೇ? ಗೋಡೆಗುಂಟ ಆಳೆತ್ತರಕ್ಕೆ ಮೆಕ್ಕೆಜೋಳದ ಚೀಲ ಪೇರಿಸಿದ್ದರು. ಸುಗ್ಗಿ ಮುಗಿದ ಮೇಲೆ ಊರಿನ ಚೀಲಗಳು ಇರುವುದೇ ಅಲ್ಲಿ. ನನ್ನ ಕಣ್ಣಿಗೆ ಅವೂ ಗೋಡೆಯೇ. ನೀವಂದಂತೆ ಅಳೆದು ಮತ್ತೆ ಫೋನ್ ಮಾಡಿ, "ಒಂದೇ ಸೆಕೆಂಡು ಸಾರ್, ಬಂಗಾರದಂಗೈತೆ" ಎಂದು ಬೀಗಿದೆ.

ಸಮಾರಂಭದ ಹಿಂದಿನ ದಿನ ಚೀಲಗಳೆಲ್ಲ ಲಾರಿ ಹತ್ತಿದವು. ಮರುದಿನ ನೀವು ನಾಲ್ಕು ಹಾಳೆ ಹಿಡಿದು ನಿಂತಿರಿ. ಒಂದು ಮಾತು ಅಡಗುವ ಮೊದಲೇ ಇನ್ನೊಂದು ಬಂದು ಎಲ್ಲ ಸೇರಿ ಬರೀ ಗುಂಯ್. ನಾನು ವಾಲ್ಯೂಮ್ ಏರಿಸಿದೆ, ಇನ್ನೂ ಕೆಟ್ಟಿತು. ಹಿಂದಿನವರು ತಮ್ಮ ತಮ್ಮಲ್ಲೇ ಮಾತಿಗಿಳಿದರು. ಮೊದಲ ಹಾಳೆಗೇ ನಿಲ್ಲಿಸಿ ಕೆಳಗಿಳಿದು ನನ್ನ ಹೆಗಲು ಮುಟ್ಟಿದಿರಿ. "ಬಿಡಪ್ಪ, ವಯಸ್ಸಾತು. ನನ್ನ ದನೀನೇ ಕೆಟ್ಟೈತೆ."

ವೈರ್ ಸುತ್ತುವಾಗಲೇ ನನಗೆ ಹೊಳೆಯಿತು, ಸದ್ದು ಹೀರುತ್ತಿದ್ದುದು ಆ ಚೀಲಗಳು ಎಂದು. ನಿಮಗೆ ಹೇಳದೆ ಸಾಮಾನು ಕಟ್ಟಿಕೊಂಡು ಹೊರಟುಬಿಟ್ಟೆ. ಆಮೇಲೆ ನೀವು ಯಾವ ಸಭೆಯಲ್ಲೂ ಮೈಕ್ ಹಿಡಿಯಲಿಲ್ಲ. ಆಗಲಾದರೂ ಹೇಳಬಹುದಿತ್ತಲ್ಲ ನಾನು...

ಹೋದ ಭಾನುವಾರ ಅದೇ ಭವನದಲ್ಲಿ ನಿಮಗೆ ನುಡಿನಮನ. ಈ ಸಲ ನಿಜಕ್ಕೂ ಖಾಲಿ ಭವನವನ್ನು, ಫ್ಯಾನ್ ನಿಲ್ಲಿಸಿ, ಮೂರು ಜಾಗದಲ್ಲಿ ಅಳೆದೆ. ಮೂರೂವರೆ ಸೆಕೆಂಡು! ಗೋಡೆಗೆ ತೂಗಿಬಿಡಲು ಕುರಿ ಸಾಕುವ ಮನೆಗಳಿಗೆ ಹೋಗಿ ಕಂಬಳಿ ಕೇಳಿದೆ. "ಮೇಷ್ಟ್ರಿಗೆ ಅಂದ್ರೆ ಹೊದ್ದಿದ್ದನ್ನೂ ತಗಂಡೋಗು" ಎಂದಳು ಒಬ್ಬ ಅಜ್ಜಿ. ನಲವತ್ತು ಕಂಬಳಿ ತೂಗಿಬಿಟ್ಟ ಮೇಲೆ ಬಲೂನಿನ ಸದ್ದು ಬೇಗನೆ ಅಡಗಿತು.

ನಿಮ್ಮ ಮನೆಯ ಅಮ್ಮಾವ್ರು ಬ್ಯಾಗಿನಿಂದ ನಿಮ್ಮ ಆ ನಾಲ್ಕು ಹಾಳೆಗಳನ್ನೇ ತೆಗೆದು ಓದತೊಡಗಿದರು. ಅವರದು ಎಷ್ಟು ಸಣ್ಣ ದನಿ ಎಂದು ನಿಮಗೇ ಗೊತ್ತು. ನಾನು ಕೊನೆಯ ಸಾಲಿನ ಕಡೆಗೇ ನೋಡಿದೆ. ಅಲ್ಲಿಂದ ಅದೇ ಕಂಬಳಿಯ ಅಜ್ಜಿ ಕೂಗಿದಳು: "ಕೇಳ್ತೈತವ್ವ, ಓದು."

ನಾಲ್ಕನೇ ಹಾಳೆಯ ಕೊನೆಗೆ ಹೀಗಿತ್ತು: "ಇಂದು ನನ್ನ ಮಾತನ್ನು ಕೊನೆಯ ಸಾಲಿಗೂ ಮುಟ್ಟಿಸಿದ ನನ್ನ ಶಿಷ್ಯನಿಗೆ ಋಣಿ." ಬೀಳ್ಕೊಡುಗೆಗೂ ಮೊದಲೇ ಬರೆದಿಟ್ಟಿದ್ದಿರಿ. ಅಷ್ಟು ನಂಬಿದ್ದಿರಾ ನನ್ನನ್ನು? ಮಷಿನ್ ಹಿಂದೆ ಕೂತು ಅತ್ತುಬಿಟ್ಟೆ.

ನಿಮ್ಮ ದನಿ ಕೆಟ್ಟಿರಲಿಲ್ಲ ಮೇಷ್ಟ್ರೇ, ನನ್ನ ಅಳತೆ ಕೆಟ್ಟಿತ್ತು. ಮೊನ್ನೆ ಮುಟ್ಟಿತು, ಕೊನೆಯ ಸಾಲಿಗೂ.

ನಿಮ್ಮ ಮೈಕಿನ ಹುಡುಗ