ನನ್ನ ಹೊಲಿಗೆ

ಕ್ರೋಯ್ಡನ್, ಮಂಗಳವಾರ

ಚಿ. ಓಸ್ವಿನನಿಗೆ,

ಉಮಾಶಂಕರ ಮಾವನ ಆಶೀರ್ವಾದ.

ನೀನು ಕಥೆ ಬರೆದು, ನನ್ನ ತಂಗಿ ಮಗಳು ಪ್ರತೀಕ್ಷಾ ಚಿತ್ರ ಬಿಡಿಸಿ, ಎರಡು ವರ್ಷ ಒದ್ದಾಡಿ ಮಾಡಿದ ಆ ಮಾಂಗಾ, ಅದೇ ಜಪಾನಿ ಶೈಲಿಯ ಚಿತ್ರಕಥೆ ಪುಸ್ತಕವನ್ನು ಸ್ಪರ್ಧೆಗೆ ಪೋಸ್ಟ್ ಮಾಡಿದವನು ನಾನೇ. ಮೊದಲು ತೆರೆದು ನೋಡಿದೆ. ಹೊಲಿಗೆ ಬಲಕ್ಕಿತ್ತು, ಮೇಲಿನ ಪುಟಕ್ಕೇ ಕೊನೆಯ ಸಂಖ್ಯೆ. ಇಷ್ಟು ಓದಿದ ಮಕ್ಕಳಿಗೆ ಪುಸ್ತಕ ಹೊಲಿಯಲು ಬರುವುದಿಲ್ಲವಲ್ಲ ಎಂದು ನಕ್ಕೆ. ನಮ್ಮೂರ ಶಾಲೆಯಲ್ಲಿ ಈ ಕೆಲಸದಲ್ಲಿ ನನ್ನನ್ನು ಮೀರಿಸುವ ಗಂಡು ಇರಲಿಲ್ಲ. ಬಿಚ್ಚಿದೆ, ಪುಟಸಂಖ್ಯೆ ಉಜ್ಜಿ ಮೇಲಿನಿಂದ ಒಂದು, ಎರಡು ಎಂದು ತಿದ್ದಿದೆ, ಎಡಕ್ಕೆ ಹೊಲಿದೆ. ಮಾಂಗಾವನ್ನು ಬಲದಿಂದ ಎಡಕ್ಕೆ ಓದುತ್ತಾರೆಂದು ನನಗೇನು ಗೊತ್ತು?

ಪುಟಗಳೆಲ್ಲ ಹಿಂದುಮುಂದು ಎಂದು ಸ್ಪರ್ಧೆಯವರು ತಿರಸ್ಕರಿಸಿದಾಗ ಪ್ರತೀಕ್ಷಾ, “ಪುಟ ಜೋಡಿಸಿದ್ದು ಓಸ್ವಿನ್ನೇ, ಮಾವ. ಸಾಕು, ಐ ಆಮ್ ಡನ್” ಎಂದಳು. ನಾನು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡೆ. ವಾಪಸು ಬಂದ ಪುಸ್ತಕವನ್ನು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟೆ. ನಿನ್ನ ಫೋನನ್ನು ಅವಳು ಯಾಕೆ ಎತ್ತುವುದಿಲ್ಲವೆಂದು ಈಗ ತಿಳಿಯಿತಲ್ಲ. ಅವಳ ಪೆನ್ನು, ಶಾಯಿ ಎಲ್ಲ ಕೌನ್ಸಿಲ್ ಕಸದ ಬಿನ್ನಿಗೆ ಹೋಯಿತು. ಈಗ ಗೋದಾಮಿನಲ್ಲಿ ಪೊಟ್ಟಣ ಕಟ್ಟುತ್ತಾಳೆ. ನನ್ನ ಜೋಕಿಗೂ ನಗುವುದಿಲ್ಲ.

ನಿನ್ನೆ ಅದನ್ನು ಬಲದಿಂದ ಓದಿದೆ. ನಿಮ್ಮ ಕಥೆಯಲ್ಲಿ ಹುಡುಗಿ ಟ್ರಾಮ್ ಇಳಿದು ಮನೆಗೆ ಬರುತ್ತಾಳೆ, ಅಮ್ಮ ಬಾಗಿಲು ತೆರೆಯುತ್ತಾಳೆ. ನಾನು ಹೊಲಿದದ್ದರಲ್ಲಿ ಬಾಗಿಲು ಮುಚ್ಚುತ್ತದೆ, ಹುಡುಗಿ ಟ್ರಾಮ್ ಹತ್ತಿ ಹೋಗುತ್ತಾಳೆ.

ಭಾನುವಾರ ಬಾ. ನಿನ್ನೆದುರಿಗೇ ಅವಳಿಗೆ ಹೇಳುತ್ತೇನೆ. ಒಬ್ಬನೇ ಹೇಳುವ ಧೈರ್ಯ ನನಗಿಲ್ಲ. ಬರುವಾಗ ಒಳ್ಳೆಯ ಕತ್ತರಿ ತಾ. ನನ್ನ ಹೊಲಿಗೆ ಕೈಯಿಂದ ಬಿಚ್ಚುವಂಥದ್ದಲ್ಲ.

ನಿನ್ನ,
ಉಮಾಶಂಕರ ಮಾವ